ಕಪ್ಪು ಮಲ, ರಕ್ತವಾಂತಿ: ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ವೈದ್ಯರು ಹೇಗೆ ನಿರ್ಧರಿಸುತ್ತಾರೆ?

ಪ್ರಶ್ನೆ (ನಾಪೋಕ್ಲು ಕಡೆಯ ಓದುಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಈಗ 72 ವರ್ಷ. ಆರು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದು, ಅಂದಿನಿಂದ ಆಸ್ಪಿರಿನ್ ಮತ್ತು ಮೆಟೊಪ್ರೊಲಾಲ್ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಿದವರಲ್ಲ. ಮಳೆಗಾಲ ಬಂದರೆ ಅವರ ಮೊಣಕಾಲು ನೋವು ಹೆಚ್ಚಾಗುತ್ತದೆ. ಈ ವರ್ಷ ಜೂನ್‌ನಿಂದಲೇ ಪೇಟೆಯ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತರಿಸಿಕೊಂಡು ದಿನಕ್ಕೆ ಎರಡರಂತೆ ನುಂಗುತ್ತಿದ್ದರು ಎಂಬುದು ನಮಗೆ ತಿಳಿದದ್ದು ಆಸ್ಪತ್ರೆಗೆ ಸೇರಿಸಿದ ಮೇಲೆ, ಅವರ ಹಾಸಿಗೆಯ ಕೆಳಗೆ ಖಾಲಿ ಪಟ್ಟಿಗಳು ಸಿಕ್ಕಾಗ.

ಆಗಸ್ಟ್ ಮೊದಲ ವಾರದಲ್ಲಿ ಎರಡು ದಿನ ಅವರಿಗೆ ಮಲ ಕಪ್ಪಾಗಿ ಹೋಗಿದೆ. ಆಟಿ ತಿಂಗಳ ಹದಿನೆಂಟರಂದು ಕೊಡಗಿನ ರೂಢಿಯಂತೆ ಮದ್ದು ಸೊಪ್ಪಿನ ಪಾಯಸ ಮಾಡಿದ್ದೆವು. ಅದರದ್ದೇ ಬಣ್ಣವಿರಬೇಕೆಂದು ಭಾವಿಸಿ ಅವರು ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಬೆಳಗ್ಗೆ ಬಚ್ಚಲುಮನೆಯಲ್ಲಿ ಕುಸಿದುಬಿದ್ದರು. ಮಡಿಕೇರಿಗೆ ಕರೆದೊಯ್ದಾಗ ಬಿ.ಪಿ. ಮೇಲಿನ ಅಂಕಿ 96, ನಾಡಿ 88, ಹಿಮೋಗ್ಲೋಬಿನ್ 8.2, ಯೂರಿಯಾ 68, ರಕ್ತದ ಪ್ರೋಟೀನ್ ಆದ ಆಲ್ಬುಮಿನ್ 2.8 ಇತ್ತು. ಒಂದು ಬಾರಿಯೂ ವಾಂತಿಯಾಗಿರಲಿಲ್ಲ. ಆದರೂ ವೈದ್ಯರು ನಮ್ಮನ್ನು ಪಕ್ಕಕ್ಕೆ ಕರೆದು, ಇದು ಹೆಚ್ಚು ಅಪಾಯದ ಪ್ರಕರಣ, ಮೈಸೂರಿಗೆ ಕಳುಹಿಸುತ್ತೇವೆ ಎಂದರು. ಅಲ್ಲಿ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಆರಂಭದ ಹಿಂಬದಿಯ ಗೋಡೆಯಲ್ಲಿ ಹುಣ್ಣಿದೆ, ಅದರ ತಳದಲ್ಲಿ ರಕ್ತನಾಳ ಎದ್ದು ಕಾಣುತ್ತಿದೆ ಎಂದು ಹೇಳಿ, ಚುಚ್ಚುಮದ್ದು ಕೊಟ್ಟು ಕ್ಲಿಪ್ ಹಾಕಿದರು. ದೇವರ ದಯೆಯಿಂದ ಈಗ ಮನೆಗೆ ಬಂದಿದ್ದಾರೆ.

ಆದರೆ ಮನಸ್ಸಿನಲ್ಲಿ ಕೆಲವು ಪ್ರಶ್ನೆಗಳು ಉಳಿದಿವೆ. ಪಕ್ಕದ ಹಾಸಿಗೆಯಲ್ಲಿ ಮೂವತ್ತನಾಲ್ಕು ವರ್ಷದ ಯುವಕನೊಬ್ಬನಿದ್ದ. ಮದುವೆಮನೆಯ ಊಟದ ನಂತರ ಹಲವು ಸಲ ವಾಂತಿಯಾಗಿ, ಕೊನೆಗೆ ಬೇಸಿನ್ನಿನ ತಳ ಪೂರ್ತಿ ಕೆಂಪಾಗುವಷ್ಟು ರಕ್ತ ಕಾರಿದ್ದನಂತೆ. ಅವನ ಪರೀಕ್ಷೆಗಳೆಲ್ಲ ಸರಿಯಾಗಿವೆ, ಬಿ.ಪಿ.ಯೂ ಚೆನ್ನಾಗಿದೆ ಎಂದು ಅವನ ಹೆಂಡತಿ ಹೇಳಿದರು, ಎರಡೇ ದಿನಕ್ಕೆ ಮನೆಗೂ ಹೋದ. ಒಂದು ತೊಟ್ಟು ರಕ್ತವೂ ಕಣ್ಣಿಗೆ ಬೀಳದ ನಮ್ಮ ಮಾವನವರಿಗೆ ಮಾತ್ರ ಅಪಾಯ ಹೆಚ್ಚು ಎಂದು ಯಾವ ಆಧಾರದ ಮೇಲೆ ಹೇಳಿದರು? ರಾತ್ರಿ ಹತ್ತಕ್ಕೆ ಮೈಸೂರು ತಲುಪಿದರೂ ಎಂಡೋಸ್ಕೋಪಿಯನ್ನು ಬೆಳಗ್ಗೆ ಎಂಟಕ್ಕೆ ಮಾಡಿದ್ದು ತಡವಾಗಲಿಲ್ಲವೇ? ತೋಟದ ರೈಟರೂ ಸೇರಿ ನಾಲ್ವರು ರಕ್ತ ಕೊಡಲು ಸಿದ್ಧರಾಗಿ ಬಂದಿದ್ದರೂ ಒಂದೇ ಬಾಟಲಿ ಏರಿಸಿದರು. ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಡಿ ಎಂದು ನನ್ನ ಯಜಮಾನರು ಕೇಳಿಕೊಂಡರೂ ಕೊಡಲಿಲ್ಲ. ದೂರುವುದಕ್ಕಾಗಿ ಕೇಳುತ್ತಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಿಂದ ಕೇಳುತ್ತಿದ್ದೇನೆ.

ಉತ್ತರ 1 (ನಿವೃತ್ತ ವೈದ್ಯ, ಮಡಿಕೇರಿ)

ನೀವು ಅಂಕಿಗಳನ್ನೆಲ್ಲ ಬರೆದುಕೊಂಡಿದ್ದು ಬಹಳ ಒಳ್ಳೆಯದಾಯಿತು. ಉತ್ತರದ ಬಹುಪಾಲು ಅವುಗಳಲ್ಲೇ ಇದೆ.

ಮೊದಲು ಪಕ್ಕದ ಹಾಸಿಗೆಯ ಯುವಕನ ವಿಷಯ. ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ, ಇವುಗಳಲ್ಲಿ ಆಗುವ ರಕ್ತಸ್ರಾವದ ಅಪಾಯವನ್ನು ಅಳೆಯಲು ಇಂದು ತುರ್ತು ಚಿಕಿತ್ಸಾ ಘಟಕಗಳಲ್ಲಿ ಹೆಚ್ಚಾಗಿ ಬಳಸುವುದು ಗ್ಲಾಸ್ಗೋ-ಬ್ಲಾಚ್‌ಫರ್ಡ್ ಎಂಬ ಅಂಕಪಟ್ಟಿ. ಇದು 2000ರಲ್ಲಿ ಸ್ಕಾಟ್ಲೆಂಡಿನಿಂದ ಬಂತು. ಸೊನ್ನೆಯಿಂದ 23ರವರೆಗೆ ಅಂಕಗಳಿವೆ. ಗಮನಿಸಬೇಕಾದ ಸಂಗತಿಯೆಂದರೆ, ರಕ್ತವಾಂತಿಗೆ ಅದರಲ್ಲಿ ಒಂದು ಅಂಕವೂ ಇಲ್ಲ. ಯೂರಿಯಾ, ಹಿಮೋಗ್ಲೋಬಿನ್, ಬಿ.ಪಿ., ನಾಡಿ, ಕಪ್ಪು ಮಲ, ಪ್ರಜ್ಞೆ ತಪ್ಪಿ ಬೀಳುವುದು, ಲಿವರಿನ ಕಾಯಿಲೆ, ಹೃದಯ ವೈಫಲ್ಯ, ಇಷ್ಟನ್ನೇ ಅದು ನೋಡುತ್ತದೆ. ನಿಮ್ಮ ಮಾವನವರಿಗೆ ಯೂರಿಯಾಕ್ಕೆ 4, ಹಿಮೋಗ್ಲೋಬಿನ್‌ಗೆ 6, ಬಿ.ಪಿ.ಗೆ 2, ಕಪ್ಪು ಮಲಕ್ಕೆ 1, ಕುಸಿದುಬಿದ್ದದ್ದಕ್ಕೆ 2, ಒಟ್ಟು 15 ಅಂಕ ಬರುತ್ತದೆ. ಆ ಯುವಕನ ಪರೀಕ್ಷೆಗಳು ನೀವು ಕೇಳಿದಂತೆಯೇ ಇದ್ದಿದ್ದರೆ ಅವನದ್ದು ಸೊನ್ನೆ. ಸೊನ್ನೆ ಅಥವಾ ಒಂದು ಅಂಕದವರನ್ನು ಹೊರರೋಗಿಗಳಾಗಿಯೇ ನೋಡಿಕೊಳ್ಳಬಹುದು ಎಂಬುದು ಈಗಿನ ಒಪ್ಪಿತ ಕ್ರಮ. ಮತ್ತೆ ಮತ್ತೆ ವಾಂತಿಯಾದಾಗ ಅನ್ನನಾಳದ ಕೆಳತುದಿಯಲ್ಲಿ ಒಳಪೊರೆ ಸೀಳುವುದುಂಟು. ನೋಡುವವರಿಗೆ ಎದೆ ಝಲ್ಲೆನ್ನಿಸುವಷ್ಟು ರಕ್ತ ಬಂದರೂ ಹೆಚ್ಚಿನವರಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ.

ಯೂರಿಯಾ ಏಕೆ ಎಂದು ನೀವು ಕೇಳಬಹುದು. ಕರುಳಿಗೆ ಇಳಿದ ರಕ್ತವೆಂದರೆ ದೇಹಕ್ಕೆ ಅದೊಂದು ಪ್ರೋಟೀನಿನ ಊಟ. ಅದು ಜೀರ್ಣವಾಗಿ ಹೀರಲ್ಪಟ್ಟಾಗ ಯೂರಿಯಾ ಏರುತ್ತದೆ. ಜೊತೆಗೆ ರಕ್ತ ಕಡಿಮೆಯಾಗಿ ಮೂತ್ರಪಿಂಡಕ್ಕೆ ಹರಿವು ತಗ್ಗಿದರೂ ಏರುತ್ತದೆ. ಹಾಗಾಗಿ ಕಣ್ಣಿಗೆ ಕಾಣದ ರಕ್ತದ ಲೆಕ್ಕವನ್ನು ಈ ಒಂದು ಅಂಕಿ ಸಾಕಷ್ಟು ಪ್ರಾಮಾಣಿಕವಾಗಿ ಹೇಳುತ್ತದೆ. ಕೆಲವು ಪ್ರಯೋಗಾಲಯಗಳು ಯೂರಿಯಾ ಎಂದು ಬರೆಯದೆ ಯೂರಿಯಾ ನೈಟ್ರೋಜನ್ ಎಂದು ಬರೆಯುತ್ತವೆ. ಅದು ಯೂರಿಯಾದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಅಂಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ ಅಂಕಿ ನಾಡಿಯದ್ದು. 88 ಎಂದರೆ ಸಹಜವೆಂದೇ ಯಾರಿಗಾದರೂ ಅನ್ನಿಸುತ್ತದೆ, ಪಟ್ಟಿಯೂ ಅದಕ್ಕೆ ಅಂಕ ಕೊಡುವುದಿಲ್ಲ. ಆದರೆ ಅವರು ದಿನವೂ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರು. ಆ ಮಾತ್ರೆ ಹೃದಯದ ಓಟಕ್ಕೆ ಕಡಿವಾಣ ಹಾಕಿರುತ್ತದೆ. ರಕ್ತ ಕಳೆದುಕೊಂಡ ದೇಹ ನಾಡಿಯನ್ನು 110, 120ಕ್ಕೆ ಏರಿಸಲು ಹೊರಟರೂ ಅದು ಏರಲು ಬಿಡುವುದಿಲ್ಲ. ಆದ್ದರಿಂದ ಅಂಥವರಲ್ಲಿ ಸಹಜವಾದ ನಾಡಿಯನ್ನು ನಂಬಿ ಕೂರಬಾರದು. ಹಾಗೆಯೇ ಬಿ.ಪಿ. 96 ಎಂಬುದು ಯಾವಾಗಲೂ 150ರ ಮೇಲಿರುವ ವಯಸ್ಸಾದವರಿಗೂ ಸದಾ 100ರ ಆಸುಪಾಸಿನಲ್ಲಿರುವ ತೆಳ್ಳನೆಯ ಹೆಣ್ಣುಮಗಳಿಗೂ ಒಂದೇ ಅರ್ಥ ಕೊಡುವುದಿಲ್ಲ. ಮೊದಲ ಗಂಟೆಗಳ ಹಿಮೋಗ್ಲೋಬಿನ್ ಕೂಡ ಮೋಸ ಮಾಡುತ್ತದೆ. ರಕ್ತ ಇಡಿಯಾಗಿಯೇ ಹೊರಹೋಗುವುದರಿಂದ, ಉಳಿದ ರಕ್ತಕ್ಕೆ ನೀರಿನಂಶ ಸೇರಿ ತೆಳುವಾಗುವ ತನಕ ಅಂಕಿ ಇಳಿಯುವುದಿಲ್ಲ, ಅದಕ್ಕೆ ಒಂದೆರಡು ದಿನವೇ ಹಿಡಿಯಬಹುದು. ನಿಮ್ಮ ಮಾವನವರದ್ದು ಬಂದಾಗಲೇ 8.2 ಇದ್ದದ್ದು ಎರಡು ದಿನ ರಕ್ತ ಜಿನುಗಿದ್ದಕ್ಕೆ ಸಾಕ್ಷಿ.

ಇನ್ನು ವಯಸ್ಸು ಮತ್ತು ಹಳೆಯ ಕಾಯಿಲೆಗಳು. ಇದು ನಾನು ಮೂವತ್ತು ವರ್ಷಗಳ ವೃತ್ತಿಯಲ್ಲಿ ಮನೆಯವರಿಗೆ ವಿವರಿಸಲು ಅತಿ ಹೆಚ್ಚು ಕಷ್ಟಪಟ್ಟ ವಿಷಯ. ಹುಣ್ಣಿನಿಂದ ರಕ್ತ ಹೋಗಿ ಆಸ್ಪತ್ರೆಗೆ ಬಂದವರಲ್ಲಿ ಸಾಯುವವರು ಬಹುಪಾಲು ರಕ್ತ ಬರಿದಾಗಿ ಸಾಯುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ಸುಮಾರು ಹತ್ತು ಸಾವಿರ ಪ್ರಕರಣಗಳನ್ನು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತವರ ಪೈಕಿ ಶೇಕಡ 80ರಷ್ಟು ಮಂದಿಯ ಸಾವಿಗೆ ಕಾರಣ ರಕ್ತಸ್ರಾವವಾಗಿರಲಿಲ್ಲ. ಹಲವು ಅಂಗಗಳ ವೈಫಲ್ಯ, ಶ್ವಾಸಕೋಶದ ತೊಂದರೆ, ಮೊದಲೇ ಇದ್ದ ಕ್ಯಾನ್ಸರ್, ಇವೇ ಮುಂದಿದ್ದವು. ಹುಣ್ಣು ಒಂದು ನೂಕು ಕೊಡುತ್ತದೆ, ಮೊದಲೇ ಸೋತಿರುವ ಹೃದಯ, ಮೂತ್ರಪಿಂಡ, ಲಿವರ್ ಆ ನೂಕಿಗೆ ಕುಸಿಯುತ್ತವೆ. ಅಪಾಯ ಅಳೆಯುವ ಮತ್ತೊಂದು ಅಂಕಪಟ್ಟಿಯಾದ 1996ರ ರಾಕಾಲ್ ಪಟ್ಟಿಯಲ್ಲಿ ಹೃದ್ರೋಗಕ್ಕೆ 2 ಅಂಕವಿದ್ದರೆ, ಮೂತ್ರಪಿಂಡ ವೈಫಲ್ಯ, ಲಿವರ್ ವೈಫಲ್ಯ, ಹರಡಿದ ಕ್ಯಾನ್ಸರ್‌ಗಳಿಗೆ 3 ಇರುವುದು ಇದೇ ಕಾರಣಕ್ಕೆ. 2011ರಲ್ಲಿ ಬಂದ ಇನ್ನೊಂದು ಪಟ್ಟಿ ಐದೇ ಸಂಗತಿ ನೋಡುತ್ತದೆ: ಆಲ್ಬುಮಿನ್ 3ಕ್ಕಿಂತ ಕಡಿಮೆ ಇರುವುದು, ರಕ್ತ ಹೆಪ್ಪುಗಟ್ಟುವಿಕೆಯ ಐ.ಎನ್.ಆರ್. 1.5ಕ್ಕಿಂತ ಹೆಚ್ಚಿರುವುದು, ಮಂಪರು ಅಥವಾ ಗೊಂದಲ, ಬಿ.ಪಿ. 90 ಅಥವಾ ಅದಕ್ಕಿಂತ ಕಡಿಮೆ ಇರುವುದು, ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚಿರುವುದು. ಇವುಗಳಲ್ಲಿ ಎರಡು ನಿಮ್ಮ ಮಾವನವರಲ್ಲಿದ್ದವು. ಆಲ್ಬುಮಿನ್ ಇಳಿದಿದ್ದರೆ ದೇಹದಲ್ಲಿ ಬಹಳ ದಿನಗಳಿಂದ ಏನೋ ಸರಿಯಿಲ್ಲದಿರಬಹುದು. ಬೇರೆ ಕಾಯಿಲೆಗೆ ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಹೀಗೆ ರಕ್ತ ಹೋಗಲು ಶುರುವಾದವರ ಸ್ಥಿತಿ ಇನ್ನೂ ಕಠಿಣ. ಬ್ರಿಟನ್ನಿನಲ್ಲಿ 2007ರಲ್ಲಿ ನಡೆದ ಸಮೀಕ್ಷೆಯಲ್ಲಿ ಹೊರಗಿನಿಂದ ಬಂದವರಲ್ಲಿ ಶೇಕಡ 7 ಮಂದಿ ತೀರಿಕೊಂಡರೆ, ಒಳರೋಗಿಗಳಲ್ಲಿ ಶೇಕಡ 26 ಮಂದಿ ತೀರಿಕೊಂಡಿದ್ದರು.

ಎಂಡೋಸ್ಕೋಪಿಯಲ್ಲಿ ಕಂಡದ್ದು ಕೊನೆಯ ತೀರ್ಮಾನ ಕೊಡುತ್ತದೆ. 1974ರಿಂದ ಬಳಕೆಯಲ್ಲಿರುವ ಫಾರೆಸ್ಟ್ ವರ್ಗೀಕರಣ ಹುಣ್ಣಿನ ತಳವನ್ನು ನೋಡುತ್ತದೆ. ರಕ್ತ ಚಿಮ್ಮುತ್ತಿದೆಯೇ, ಜಿನುಗುತ್ತಿದೆಯೇ, ರಕ್ತನಾಳ ಎದ್ದು ನಿಂತಿದೆಯೇ, ಗರಣೆ (ಹೆಪ್ಪುಗಟ್ಟಿದ ರಕ್ತ) ಅಂಟಿಕೊಂಡಿದೆಯೇ, ಬರೀ ಕಪ್ಪು ಚುಕ್ಕೆಯಿದೆಯೇ, ತಳ ಸ್ವಚ್ಛವಾಗಿದೆಯೇ ಎಂದು. ತಳ ಸ್ವಚ್ಛವಿದ್ದರೆ ಮತ್ತೆ ರಕ್ತ ಬರುವ ಸಂಭವ ಶೇಕಡ 5ರ ಆಸುಪಾಸು. ರಕ್ತನಾಳ ಎದ್ದು ಕಾಣುತ್ತಿದ್ದು ಹಾಗೆಯೇ ಬಿಟ್ಟರೆ ಶೇಕಡ 40ರ ಮೇಲೆ. ಅದರಲ್ಲೂ ಡ್ಯುವೋಡಿನಮ್‌ನ, ಅಂದರೆ ಸಣ್ಣ ಕರುಳಿನ ಮೊದಲ ಭಾಗದ, ಹಿಂಬದಿಯ ಗೋಡೆಯ ಹಿಂದೆ ದೊಡ್ಡದೊಂದು ಧಮನಿ ಹಾದುಹೋಗುತ್ತದೆ, ಹುಣ್ಣು ಅದನ್ನು ಕೊರೆದರೆ ಕ್ಲಿಪ್ಪಿಗೂ ಬಗ್ಗದ ರಕ್ತಸ್ರಾವವಾಗಬಹುದು. ಜಠರದ ಮೇಲ್ಭಾಗದ ಒಳಬಾಗಿನಲ್ಲಿರುವ ಹುಣ್ಣಿಗೂ, ಎರಡು ಸೆಂಟಿಮೀಟರ್ ಮೀರಿದ ಹುಣ್ಣಿಗೂ ಇದೇ ಎಚ್ಚರ ಬೇಕು. ಮರುಸ್ರಾವ ಹೆಚ್ಚಾಗಿ ಮೊದಲ 72 ಗಂಟೆಗಳಲ್ಲೇ ಆಗುತ್ತದೆ. ಇಂಥವರನ್ನು ಮೂರು ದಿನ ಆ್ಯಸಿಡ್ ತಗ್ಗಿಸುವ ಡ್ರಿಪ್ಪಿನಲ್ಲಿಟ್ಟು ಕಾಯುವುದು ಅದಕ್ಕೇ.

ಉಳಿದ ಮೂರು ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ರಾತ್ರಿ ಬಂದವರಿಗೆ ಬೆಳಗ್ಗೆ ಎಂಡೋಸ್ಕೋಪಿ ಮಾಡಿದ್ದು ತಡವಲ್ಲ. ಹೆಚ್ಚು ಅಪಾಯವಿರುವವರಲ್ಲಿ, ತಜ್ಞರನ್ನು ಕರೆಸಿದ ಆರು ಗಂಟೆಯೊಳಗೆ ಮಾಡಿದವರನ್ನೂ ಆರರಿಂದ 24 ಗಂಟೆಯೊಳಗೆ ಮಾಡಿದವರನ್ನೂ ಹೋಲಿಸಿ 2020ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಅಧ್ಯಯನದಲ್ಲಿ, ಆತುರಪಟ್ಟದ್ದರಿಂದ ಸಾವು ಕಡಿಮೆಯಾಗಲಿಲ್ಲ. ಮೊದಲು ಬಿ.ಪಿ., ಉಸಿರಾಟ, ಹೃದಯವನ್ನು ಒಂದು ಹದಕ್ಕೆ ತಂದುಕೊಳ್ಳುವುದೇ ಮುಖ್ಯ. ರಕ್ತದ ಬಾಟಲಿಯ ವಿಷಯದಲ್ಲಿ 2013ರ ಬಾರ್ಸಿಲೋನಾ ಅಧ್ಯಯನ ನಮ್ಮೆಲ್ಲರ ಅಭ್ಯಾಸವನ್ನೇ ಬದಲಿಸಿತು. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ಆರು ವಾರದ ನಂತರ ಶೇಕಡ 95 ಮಂದಿ ಬದುಕಿದ್ದರು, 9ಕ್ಕಿಂತ ಇಳಿದಾಗಲೇ ಕೊಟ್ಟವರಲ್ಲಿ ಶೇಕಡ 91. ಹೃದ್ರೋಗವಿದ್ದವರಿಗೆ 8ರ ಗಡಿ ಇಟ್ಟುಕೊಳ್ಳುತ್ತೇವೆ, ಹಾಗಾಗಿ ಗಡಿಯ ಸಮೀಪವಿದ್ದ ನಿಮ್ಮ ಮಾವನವರಿಗೆ ಒಂದು ಬಾಟಲಿ ಕೊಟ್ಟು ಮತ್ತೆ ಪರೀಕ್ಷಿಸಿದ್ದು ಸರಿಯಾದ ಕೆಲಸ. ರಕ್ತ ನಿಲ್ಲಿಸುವ ಇಂಜೆಕ್ಷನ್ ಎಂದು ನಿಮ್ಮ ಯಜಮಾನರು ಕೇಳಿದ್ದು ಟ್ರಾನೆಕ್ಸಾಮಿಕ್ ಆ್ಯಸಿಡ್ ಇರಬೇಕು. 12,000 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದು ಈ ಬಗೆಯ ರಕ್ತಸ್ರಾವದಲ್ಲಿ ಜೀವ ಉಳಿಸಲಿಲ್ಲ, ಬದಲಿಗೆ ಅಭಿಧಮನಿಗಳಲ್ಲಿ ಗರಣೆ ಕಟ್ಟುವುದನ್ನೂ ಅಪಸ್ಮಾರವನ್ನೂ ಹೆಚ್ಚಿಸಿತು. ಕೇಳಿದರೂ ಕೊಡದ ವೈದ್ಯರಿಗೆ ನೀವು ಕೃತಜ್ಞರಾಗಿರಬಹುದು.

ಮದ್ದು ಸೊಪ್ಪಿನ ಬಗ್ಗೆ ಒಂದು ಮಾತು. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುವುದು ಕೊಡಗಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಡಾಂಬರಿನಂತೆ ಅಂಟುವ, ನೀರು ಹೊಯ್ದರೂ ಸುಲಭವಾಗಿ ಜಾರಿಹೋಗದ, ಮೂಗು ಮುಚ್ಚಿಕೊಳ್ಳುವಂತಹ ನಾತದ ಕಪ್ಪು ಮಲ ರಕ್ತದ್ದೇ ಎಂದು ತಿಳಿಯಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಗಟ್ಟಿಯಾಗಿರುತ್ತದೆ, ಹಸಿರು ಛಾಯೆಯಿರುತ್ತದೆ, ಅಂಟುವುದಿಲ್ಲ, ಆ ನಾತವೂ ಇರುವುದಿಲ್ಲ. ಒಂದು ಸಣ್ಣ ಲೋಟದಷ್ಟು ರಕ್ತ ಒಳಗೆ ಸೋರಿದರೂ ಮಲ ಕಪ್ಪಾಗಲು ಸಾಕು.

ಉತ್ತರ 2 (ಶುಶ್ರೂಷಕಿ, ವಿರಾಜಪೇಟೆ)

ಡಾಕ್ಟರು ಹೇಳಿದ್ದರ ಜೊತೆಗೆ ನಮ್ಮ ಜಿಲ್ಲೆಯ ದಾರಿಯ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸುಮಾರು 140. ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಮುಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ತೋಟದ ಒಳಗಿನ ಮನೆಯಿಂದ ಮುಖ್ಯರಸ್ತೆಗೆ ಬರಲು ಮುಕ್ಕಾಲು ಗಂಟೆ ಹಿಡಿಯುವ ಕಡೆಗಳೂ ಇವೆ. ಹೀಗಾಗಿ, ಪಟ್ಟಣದಲ್ಲಿ ಒಂದು ರಾತ್ರಿ ಕಾದು ನೋಡೋಣ ಎನ್ನಬಹುದಾದ ರೋಗಿಯನ್ನೂ ಇಲ್ಲಿ ಹಗಲಿರುವಾಗಲೇ ಹೊರಡಿಸಬೇಕಾಗುತ್ತದೆ. ದೂರವೂ ಒಂದು ಅಪಾಯದ ಅಂಶವೆಂದೇ ನಾನು ಎಣಿಸುತ್ತೇನೆ, ಯಾವ ಪಟ್ಟಿಯಲ್ಲೂ ಅದಕ್ಕೆ ಅಂಕವಿಲ್ಲದಿದ್ದರೂ.

ಹೊರಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಎರಡೂ ಕೈಗಳಿಗೆ ದಪ್ಪ ಸೂಜಿ ಹಾಕಿಸಿಕೊಂಡೇ ಹೊರಡಿ. ಬಿ.ಪಿ. ಪೂರ್ತಿ ಬಿದ್ದುಹೋದ ಮೇಲೆ, ಓಡುತ್ತಿರುವ ಆಂಬುಲೆನ್ಸಿನಲ್ಲಿ, ತಿರುವುಗಳ ನಡುವೆ ನರ ಹುಡುಕುವುದು ಎಷ್ಟು ಕಷ್ಟವೆಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ಒಮ್ಮೆ ಗೋಣಿಕೊಪ್ಪ ದಾಟಿದ ಮೇಲೆ ಒಬ್ಬ ಅಜ್ಜನ ಕೈಯಲ್ಲಿದ್ದ ಒಂದೇ ಸೂಜಿ ಕಳಚಿಹೋಗಿ, ಗಾಡಿ ನಿಲ್ಲಿಸಿ, ಮೊಬೈಲಿನ ಬೆಳಕಿನಲ್ಲಿ ಮೂರನೆಯ ಪ್ರಯತ್ನಕ್ಕೆ ಇನ್ನೊಂದು ಹಾಕಿದೆ. ಅವರ ಕೈ ಮಂಜುಗಡ್ಡೆಯಂತೆ ತಣ್ಣಗಿತ್ತು. ಅಂದಿನಿಂದ ಎರಡು ಸೂಜಿ ಇಲ್ಲದೆ ನಾನು ಯಾರನ್ನೂ ಕಳುಹಿಸಿಲ್ಲ.

ವಾಂತಿ ಬರುತ್ತಿದ್ದರೆ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ. ಅಂಗಾತ ಮಲಗಿದವರ ಶ್ವಾಸಕೋಶಕ್ಕೆ ರಕ್ತ ಇಳಿದರೆ ಹುಣ್ಣು ವಾಸಿಯಾದರೂ ನ್ಯುಮೋನಿಯಾ ಬಿಡುವುದಿಲ್ಲ. ಹೊಟ್ಟೆ ಉರಿಗೆ ಒಳ್ಳೆಯದೆಂದು ತಣ್ಣನೆಯ ಹಾಲನ್ನೋ ಗಂಜಿಯನ್ನೋ ಕುಡಿಸುವ ಅಭ್ಯಾಸ ಮನೆಮನೆಯಲ್ಲೂ ಇದೆ. ದಯವಿಟ್ಟು ಏನನ್ನೂ ಕೊಡಬೇಡಿ, ಹೊಟ್ಟೆ ತುಂಬಿದ್ದರೆ ಎಂಡೋಸ್ಕೋಪಿ ಮಾಡುವವರಿಗೆ ಹುಣ್ಣು ಕಾಣಿಸುವುದಿಲ್ಲ, ಅರಿವಳಿಕೆಯೂ ಅಪಾಯಕಾರಿಯಾಗುತ್ತದೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಖಾಲಿ ಪಟ್ಟಿಗಳ ಸಮೇತ, ಒಂದು ಚೀಲಕ್ಕೆ ಹಾಕಿ ತನ್ನಿ. ವಾರ್ಫರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ಇದೆಯೇ ಎಂಬ ಒಂದೇ ಉತ್ತರದಿಂದ ಚಿಕಿತ್ಸೆಯ ದಿಕ್ಕು ಬದಲಾಗುತ್ತದೆ. ಕಳುಹಿಸುವವರು ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಎಂಡೋಸ್ಕೋಪಿ ಮಾಡುವ ತಜ್ಞರು ಇದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಲಿ, ನೀವೂ ಅದನ್ನು ಕೇಳಿ ತಿಳಿದುಕೊಳ್ಳಿ.

ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರನ್ನು ಕೇಳಿದರೆ, ಸೊಂಟನೋವಿಗೆ ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಇಳಿದೆವು ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಅವರ ಪೈಕಿ ಹೆಂಗಸರಿಗೆ ರಕ್ತಹೀನತೆ ಮೊದಲೇ ಇರುತ್ತದೆ. ಹಿಮೋಗ್ಲೋಬಿನ್ 9ರಲ್ಲಿ ಇರುವವರು ಅಷ್ಟೇ ರಕ್ತ ಕಳೆದುಕೊಂಡರೂ 13ರಲ್ಲಿ ಇರುವವರಂತೆ ತಾಳಿಕೊಳ್ಳಲಾರರು.

ಉತ್ತರ 3 (ಕುಶಾಲನಗರದ ಓದುಗ)

ನಾನು ವೈದ್ಯನಲ್ಲ. ನನ್ನ ಅಣ್ಣನಿಗೆ ಆದದ್ದನ್ನು ಹೇಳಿದರೆ ಯಾರಿಗಾದರೂ ಉಪಯೋಗವಾದೀತು. ಅಣ್ಣನಿಗೆ 51 ವರ್ಷ, ಸಕ್ಕರೆ ಕಾಯಿಲೆ ಇತ್ತು, ಮೈ ತೂಕವೂ ಹೆಚ್ಚು. ಕುಡಿತದ ಅಭ್ಯಾಸ ಇರಲಿಲ್ಲ. ಒಂದು ರಾತ್ರಿ ಇದ್ದಕ್ಕಿದ್ದಂತೆ ರಕ್ತ ಕಾರಿದ. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಹುಣ್ಣು ಎಂದು ಇಂಜೆಕ್ಷನ್ ಕೊಟ್ಟು ಕಳುಹಿಸಿಬಿಟ್ಟರು. ಹೊಟ್ಟೆ ಸ್ವಲ್ಪ ಉಬ್ಬಿದ್ದನ್ನೂ ಕಣ್ಣು ಹಳದಿಯಾಗಿದ್ದನ್ನೂ ಅವರೂ ನೋಡಲಿಲ್ಲ, ನಾವೂ ಗಮನಿಸಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವನು ತನ್ನ ಮಗಳ ಹೆಸರನ್ನೇ ತಪ್ಪಾಗಿ ಕರೆಯತೊಡಗಿದ. ಮೈಸೂರಿನಲ್ಲಿ ತಿಳಿದದ್ದು, ಕೊಬ್ಬಿನ ಲಿವರ್ ವರ್ಷಗಟ್ಟಲೆ ಗಟ್ಟಿಯಾಗುತ್ತಾ ಬಂದು ಸಿರೋಸಿಸ್ ಆಗಿದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಅದರಲ್ಲೊಂದು ಒಡೆದಿದೆ ಎಂದು.

ಎರಡು ವಾರ ಐ.ಸಿ.ಯು.ನಲ್ಲಿದ್ದು ಅಣ್ಣ ಉಳಿದುಕೊಂಡ. ಆದರೆ ಈ ಬಗೆಯ ರಕ್ತಸ್ರಾವಕ್ಕೂ ಹುಣ್ಣಿನ ರಕ್ತಸ್ರಾವಕ್ಕೂ ಅಪಾಯದ ಲೆಕ್ಕವೇ ಬೇರೆ ಎಂದು ಅಲ್ಲಿನ ವೈದ್ಯರು ಹೇಳಿದ್ದರು. ಡಾಕ್ಟರು ಇದನ್ನು ಸ್ವಲ್ಪ ವಿವರಿಸಿದರೆ ಒಳ್ಳೆಯದು.

ಉತ್ತರ 4 (ನಿವೃತ್ತ ವೈದ್ಯ, ಮಡಿಕೇರಿ)

ನಿಮ್ಮ ಅಣ್ಣನವರು ಉಳಿದದ್ದು ದೊಡ್ಡ ಸಮಾಧಾನ. ಉಬ್ಬಿದ ರಕ್ತನಾಳ ಒಡೆದವರಲ್ಲಿ ಆರು ವಾರದೊಳಗಿನ ಸಾವು ಇಂದಿಗೂ ಶೇಕಡ 15ರಿಂದ 20ರಷ್ಟಿದೆ. ಅಲ್ಲಿ ಭವಿಷ್ಯವನ್ನು ನಿರ್ಧರಿಸುವುದು ಒಡೆದ ನಾಳಕ್ಕಿಂತ ಹೆಚ್ಚಾಗಿ ಲಿವರಿನಲ್ಲಿ ಉಳಿದಿರುವ ಶಕ್ತಿ. ಕಾಮಾಲೆ, ಹೊಟ್ಟೆಯಲ್ಲಿ ನೀರು, ಆಲ್ಬುಮಿನ್, ಹೆಪ್ಪುಗಟ್ಟುವ ಸಮಯ, ಮಿದುಳಿನ ಮಂಪರು, ಈ ಐದನ್ನು ಸೇರಿಸಿ ಚೈಲ್ಡ್-ಪ್ಯೂ ಎಂಬ ದರ್ಜೆ ಹಾಕುತ್ತಾರೆ. ಮಗಳ ಹೆಸರು ತಪ್ಪಿದ್ದು ಆ ಮಂಪರಿನ ಮೊದಲ ಸೂಚನೆ. ಕರುಳಿನಲ್ಲಿ ಜೀರ್ಣವಾದ ರಕ್ತದಿಂದ ಹುಟ್ಟುವ ಅಮೋನಿಯಾವನ್ನು ಸೋತ ಲಿವರ್ ಶುದ್ಧಿ ಮಾಡಲಾರದೆ ಹೀಗಾಗುತ್ತದೆ.

ಇಂಥವರಲ್ಲಿ ಸೋಂಕು ಎರಡನೆಯ ಶತ್ರು. ಆದ್ದರಿಂದ ಸಿರೋಸಿಸ್ ಇದೆಯೆಂಬ ಅನುಮಾನ ಬಂದೊಡನೆ, ಎಂಡೋಸ್ಕೋಪಿಗೂ ಕಾಯದೆ, ಆ್ಯಂಟಿಬಯೋಟಿಕ್ ಮತ್ತು ಉಬ್ಬಿದ ನಾಳಗಳ ಒತ್ತಡ ಇಳಿಸುವ ಟರ್ಲಿಪ್ರೆಸಿನ್‌ನಂತಹ ಔಷಧ ಆರಂಭಿಸಬೇಕು. ಅವೆರಡೂ ಜಿಲ್ಲಾ ಮಟ್ಟದಲ್ಲೇ ಕೊಡಬಹುದಾದವು. ಎಂಡೋಸ್ಕೋಪಿ ಇಲ್ಲಿ 12 ಗಂಟೆಯೊಳಗೆ ಆಗಬೇಕು, ಉಬ್ಬಿದ ನಾಳಕ್ಕೆ ರಬ್ಬರ್ ಬಳೆ ಹಾಕಿ ಬಿಗಿಯುತ್ತಾರೆ. ರಕ್ತವನ್ನು ಅಗತ್ಯಕ್ಕಿಂತ ಹೆಚ್ಚು ಏರಿಸಿದರೆ ನಾಳದೊಳಗಿನ ಒತ್ತಡ ಏರಿ ಮತ್ತೆ ಒಡೆಯುವ ಭಯವಿದೆ. ಹೆಚ್ಚು ಬಾಟಲಿ ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಅತ್ಯಂತ ಹೆಚ್ಚು ಹಾನಿ ಮಾಡುವುದು ಈ ರೋಗಿಗಳಲ್ಲೇ.

ಅಣ್ಣನವರಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಮತ್ತೆ ಬಳೆ ಹಾಕಿಸಲು ಬರಹೇಳಿರುತ್ತಾರೆ, ಕಾರ್ವಿಡಿಲಾಲ್ ಅಥವಾ ಪ್ರೊಪ್ರನೊಲಾಲ್ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ಚೆನ್ನಾಗಿದ್ದೇನಲ್ಲ ಎಂದುಕೊಂಡು ಇದನ್ನು ಅರ್ಧಕ್ಕೆ ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೆರಡು ವರ್ಷದೊಳಗೆ ಮತ್ತೆ ರಕ್ತ ಬರುತ್ತದೆ. ಕುಡಿಯದವರಿಗೆ ಸಿರೋಸಿಸ್ ಬರುವುದಿಲ್ಲವೆಂಬ ಮಾತನ್ನು ನಮ್ಮ ಜನ ಇನ್ನಾದರೂ ಬಿಡಬೇಕು.

ಪ್ರಶ್ನೆ ಕೇಳಿದವರಿಂದ

ಡಾಕ್ಟರಿಗೂ ಸಿಸ್ಟರಿಗೂ ಕುಶಾಲನಗರದ ಅಣ್ಣನಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಬರಹವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮಾವನವರು ನಾಡಿಯ ವಿಷಯ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಇನ್ನೊಂದೇ ಪ್ರಶ್ನೆ. ಮೈಸೂರಿನ ವೈದ್ಯರು ಮೂರನೆಯ ದಿನವೇ ಆಸ್ಪಿರಿನ್ ಮತ್ತೆ ಶುರುಮಾಡಿದ್ದಾರೆ. ರಕ್ತ ಬರಲು ಅದೂ ಒಂದು ಕಾರಣ ಎಂದು ಅವರೇ ಹೇಳಿದ್ದರಿಂದ ಅದನ್ನು ಕೊಡಲು ನಮಗೆ ಕೈ ನಡುಗುತ್ತದೆ, ಎರಡು ದಿನದಿಂದ ಕೊಟ್ಟಿಲ್ಲ. ಹುಣ್ಣಿನ ಕೀಟಾಣು ಪರೀಕ್ಷೆ ಇಲ್ಲ ಎಂದು ಬಂದಿದೆ. ಹಾಗಾದರೆ ಹುಣ್ಣಿಗೆ ಬರೀ ನೋವಿನ ಮಾತ್ರೆಯೇ ಕಾರಣ ಎಂದುಕೊಳ್ಳಬಹುದೇ?

ಉತ್ತರ 5 (ನಿವೃತ್ತ ವೈದ್ಯ, ಮಡಿಕೇರಿ)

ಮೈಸೂರಿನ ವೈದ್ಯರಿಗೆ ಇಂದೇ ಫೋನ್ ಮಾಡಿ, ಎರಡು ದಿನ ತಪ್ಪಿದ್ದನ್ನು ತಿಳಿಸಿ, ಅವರು ಹೇಳಿದಂತೆ ಆಸ್ಪಿರಿನ್ ಕೊಡಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ಸ್ಟೆಂಟ್ ಇರುವವರಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಹಾಂಗ್‌ಕಾಂಗ್‌ನಲ್ಲೇ 2010ರಲ್ಲಿ, ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಗೆ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದು ಹುಣ್ಣಿನಿಂದ ರಕ್ತ ಹೋದ 156 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. ಎಂಡೋಸ್ಕೋಪಿ ಚಿಕಿತ್ಸೆಯ ನಂತರ ಆಸ್ಪಿರಿನ್ ಮುಂದುವರಿಸಿದವರಲ್ಲಿ ಶೇಕಡ 10ರಷ್ಟು ಮಂದಿಗೆ ಮತ್ತೆ ರಕ್ತ ಬಂತು, ನಿಲ್ಲಿಸಿದವರಲ್ಲಿ ಶೇಕಡ 5ರಷ್ಟು. ಇಷ್ಟನ್ನೇ ನೋಡಿದರೆ ನಿಲ್ಲಿಸುವುದೇ ಲೇಸು. ಆದರೆ ಎಂಟು ವಾರದಲ್ಲಿ ಸತ್ತವರು ಮುಂದುವರಿಸಿದ ಗುಂಪಿನಲ್ಲಿ ಶೇಕಡ 1.3, ನಿಲ್ಲಿಸಿದ ಗುಂಪಿನಲ್ಲಿ ಶೇಕಡ 12.9. ಮತ್ತೆ ಬಂದ ರಕ್ತವನ್ನು ಮತ್ತೆ ನಿಲ್ಲಿಸಬಹುದು, ಹೃದಯಾಘಾತವಾದರೆ ಎಲ್ಲರಿಗೂ ಎರಡನೆಯ ಅವಕಾಶ ಸಿಗುವುದಿಲ್ಲ. ಹೃದ್ರೋಗವೇ ಇಲ್ಲದೆ ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ ನುಂಗುವವರ ಮಾತು ಬೇರೆ, ಅವರು ನಿಲ್ಲಿಸಬೇಕು. ಆಸ್ಪಿರಿನ್ ಇರುವಷ್ಟು ಕಾಲವೂ ಆ್ಯಸಿಡ್ ತಗ್ಗಿಸುವ ಮಾತ್ರೆ ಅದರ ಜೊತೆಗೇ ಇರಲಿ. ಡೈಕ್ಲೋಫೆನಾಕ್ ಮತ್ತು ಆ ಜಾತಿಯ ಯಾವ ಮಾತ್ರೆಯೂ ಇನ್ನು ಮನೆಯೊಳಗೆ ಬರಬಾರದು. ಮೊಣಕಾಲಿಗೆ ಪ್ಯಾರಸಿಟಮಾಲ್, ಬಿಸಿ ಶಾಖ, ತೊಡೆಯ ಸ್ನಾಯುಗಳ ವ್ಯಾಯಾಮ ಇವುಗಳಿಂದ ಸಾಧ್ಯವಾದಷ್ಟು ನೋಡಿಕೊಳ್ಳಿ. ಮೆಡಿಕಲ್ ಶಾಪಿನವರಿಗೂ ಅವರಿಗೆ ಹೀಗಾಗಿದೆ ಎಂದು ನೇರವಾಗಿ ಹೇಳಿಬಿಡಿ.

ಕೀಟಾಣು ಎಂದು ನೀವು ಹೇಳಿದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ. ರಕ್ತ ಸೋರುತ್ತಿರುವಾಗ, ಅದೂ ಆ್ಯಸಿಡ್ ತಗ್ಗಿಸುವ ಔಷಧ ಕೊಟ್ಟ ಮೇಲೆ ಮಾಡಿದ ಪರೀಕ್ಷೆಯಲ್ಲಿ ಅದು ಇದ್ದರೂ ಇಲ್ಲವೆಂದು ಬರುವುದು ಅಪರೂಪವಲ್ಲ. ಆಗ ಬಂದ ಉತ್ತರವನ್ನು ಕೊನೆಯದೆಂದು ತಿಳಿಯದೆ ಇನ್ನೊಮ್ಮೆ ಪರೀಕ್ಷಿಸಬೇಕು. ನೋವಿನ ಮಾತ್ರೆಯೂ ಆ ಕೀಟಾಣುವೂ ಒಟ್ಟಿಗೆ ಇದ್ದವರಲ್ಲಿ ಅಪಾಯ ಒಂದಕ್ಕೊಂದು ಕೂಡಿ ಹೆಚ್ಚುತ್ತದೆ, ಹಾಗಾಗಿ ಮಾತ್ರೆ ಸಿಕ್ಕಿತೆಂದು ಕೀಟಾಣುವನ್ನು ಮರೆಯುವಂತಿಲ್ಲ. ಸಾಮಾನ್ಯವಾಗಿ ಮರುಪರೀಕ್ಷೆಗೆ ಎರಡು ವಾರ ಮೊದಲು ಆ್ಯಸಿಡ್ ಮಾತ್ರೆ ನಿಲ್ಲಿಸಲು ಹೇಳುತ್ತಾರೆ, ಆದರೆ ಆಸ್ಪಿರಿನ್ ಮೇಲಿರುವ, ಈಗಷ್ಟೇ ರಕ್ತ ಕಳೆದುಕೊಂಡ ನಿಮ್ಮ ಮಾವನವರಲ್ಲಿ ಅದನ್ನು ನೀವಾಗಿಯೇ ಮಾಡಬೇಡಿ. ಯಾವಾಗ, ಯಾವ ಪರೀಕ್ಷೆ ಎಂಬುದನ್ನು ಎಂಡೋಸ್ಕೋಪಿ ಮಾಡಿದವರೇ ಹೇಳಲಿ. ಮುಂದಿನ ಭೇಟಿಗೆ ಹೋಗುವಾಗ ಹಿಮೋಗ್ಲೋಬಿನ್ನನ್ನೂ ಇನ್ನೊಮ್ಮೆ ನೋಡಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಮಲ ಮತ್ತೆ ಕಪ್ಪಾಗುತ್ತದೆ ಎಂಬುದನ್ನು ಮಾವನವರಿಗೆ ಮೊದಲೇ ತಿಳಿಸಿರಿ, ಅಂಟು ಮತ್ತು ನಾತ ಕಂಡರೆ ಮಾತ್ರ ಆ ದಿನವೇ ಹೇಳಬೇಕೆಂದೂ ಹೇಳಿಡಿ.